ಇನ್ನೊಂದು ಸಲ ಕೇಳಬೇಕಿತ್ತು

ನೀಲಾಂಬಿಕಾ: ನೀವು ಬೇಡ ಅಂದ್ರಿ. ಅವರು ಸರಿ ಅಂದ್ರು. ಇದರಲ್ಲಿ ಅವರ ತಪ್ಪೇನ್ರೀ?

ಸಿದ್ದಲಿಂಗಪ್ಪ: ನಾನು ಬೇಡ ಅಂದಿದ್ದು ಬೇಡ ಅಂತಲ್ಲ.

ನೀಲಾಂಬಿಕಾ: ಮತ್ತೆ?

ಸಿದ್ದಲಿಂಗಪ್ಪ: ಸುಮ್ನೆ ಬೇಡ ಅಂದೆ. ಮೊದಲನೇ ಸಲ ಕೇಳಿದ ಕೂಡ್ಲೇ ಯಾರಾದ್ರೂ ಹೂಂ ಅಂತಾರಾ? ಸಂಬಂಧ ಮಾತಾಡೋಕೆ ನಿಮ್ಮಪ್ಪ ನಮ್ಮನೆಗೆ ಬಂದಾಗ ಒಂದು ಲೋಟ ಕಾಫಿಗೆ ಎಷ್ಟು ಸಲ ಬೇಡ ಅಂದ್ರು, ನೆನಪಿದ್ಯಾ?

ನೀಲಾಂಬಿಕಾ: ನಮ್ಮಪ್ಪ ಕಾಫಿನೇ ಕುಡಿಯಲ್ಲ ರೀ. ನಿಮ್ಮಮ್ಮ ಬಲವಂತ ಮಾಡಿ ಕುಡಿಸಿದ್ರು. ಅವತ್ತು ರಾತ್ರಿಯೆಲ್ಲ ಅವರಿಗೆ ನಿದ್ದೆ ಇಲ್ಲ.

ಮದುವೆಯಾಗಿ ಹನ್ನೆರಡು ವರ್ಷವಾದ ಮೇಲೆ ಹೊರಬಿದ್ದ ಈ ಸತ್ಯವನ್ನು ಸಿದ್ದಲಿಂಗಪ್ಪ ಸದ್ಯಕ್ಕೆ ಪಕ್ಕಕ್ಕಿಟ್ಟ. ಅವನಿಗೆ ಅವನದೇ ಸಾಕಷ್ಟಿತ್ತು. ಶನಿವಾರದ ಬೆಳಿಗ್ಗೆ, ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯ ಮನೆಯ ಅಡುಗೆಮನೆ. ನೀಲಾಂಬಿಕಾ ಕಾವಲಿಯ ಮೇಲೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಅವನು ಊಟದ ಮೇಜಿನ ಮುಂದೆ, ಗೆದ್ದೇ ಗೆಲ್ಲುತ್ತೇನೆಂದು ನಿಂತು ಠೇವಣಿ ಕಳೆದುಕೊಂಡವನ ಮುಖ ಹೊತ್ತು ಕೂತಿದ್ದ.

ಕಳೆದುಕೊಂಡದ್ದು ಒಂದು ಶಾಲೆಯ ಅಧ್ಯಕ್ಷಗಿರಿ. ಅಲ್ಲಿಗೆ ಹತ್ತಿರದ ಪ್ಯಾರಮಟ್ಟಾದಲ್ಲಿ ಪೋಷಕರೇ ಸೇರಿ ನಡೆಸುವ ಒಂದು ಸಣ್ಣ ಶಾಲೆಯಿದೆ. ಅಲ್ಲಿ ಗಣಿತ, ವಿಜ್ಞಾನ, ಆಟ, ಜಗಳ ಎಲ್ಲವೂ ಸ್ಪ್ಯಾನಿಷ್ ಭಾಷೆಯಲ್ಲಿ. ಬೆಳಿಗ್ಗೆ ಗೇಟು ದಾಟಿದ ಮಗು ಸಂಜೆ ಗೇಟು ದಾಟುವ ತನಕ ಬೇರೆ ಭಾಷೆ ಆಡುವಂತಿಲ್ಲ, ಮಗುವಿನ ಜೊತೆ ಬೇರೆಯವರೂ ಆಡುವಂತಿಲ್ಲ. ಕನ್ನಡದವರ ಮಗುವಿಗೆ ಸ್ಪ್ಯಾನಿಷ್ ಶಾಲೆ ಯಾಕೆ ಎಂದು ಕೇಳಿದವರಿಗೆ ಸಿದ್ದಲಿಂಗಪ್ಪ, ಮೆದುಳಿನ ಬೆಳವಣಿಗೆಗೆ ಒಳ್ಳೆಯದು ಎನ್ನುತ್ತಿದ್ದ. ನೀಲಾಂಬಿಕಾ, ನನ್ನ ಆಫೀಸಿನ ಎದುರಿಗೇ ಇದೆ ಎನ್ನುತ್ತಿದ್ದಳು. ಮಗಳು ಆದ್ಯಾ ಅಲ್ಲಿ ಮೂರನೇ ಕ್ಲಾಸು.

ಶಾಲೆಯ ಕಂಪ್ಯೂಟರ್ ಕೆಟ್ಟಾಗ ಒಮ್ಮೆ ಸರಿಮಾಡಿಕೊಟ್ಟ ತಪ್ಪಿಗೆ ಸಿದ್ದಲಿಂಗಪ್ಪ ಅದರ ಬೋರ್ಡಿಗೆ ಸೇರಿದ್ದ. ಸಂಬಳವಿಲ್ಲದ ಬೋರ್ಡು, ಬಿಸ್ಕತ್ತು ಉಂಟು. ಅವನಿಗೆ ಸ್ಪ್ಯಾನಿಷ್ ಬಾರದು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಏಕೆಂದರೆ ಸಭೆ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ, ಮತ್ತು ಅವನು ಇಂಗ್ಲಿಷಿನಲ್ಲೂ ಮಾತಾಡುತ್ತಿರಲಿಲ್ಲ. ಎರಡು ವರ್ಷ ಹೀಗೆ ಸುಮ್ಮನೆ ಕೂತದ್ದರಿಂದ ಬಹಳ ಆಳದ ಮನುಷ್ಯ ಎಂಬ ಹೆಸರು ಬಂದಿತ್ತು. ಮುಂದಿನ ಅಧ್ಯಕ್ಷ ಅವನೇ ಎಂಬ ಗಾಳಿಸುದ್ದಿ ಒಂದು ವಾರದಿಂದ ಇತ್ತು. ಗುರುವಾರದ ಸಭೆಯಲ್ಲಿ ಅಧ್ಯಕ್ಷೆ ಮಾರಿಸೋಲ್, ಚಿಲಿ ದೇಶದ ಹೆಂಗಸು, ತನ್ನ ಅವಧಿ ಮುಗಿಯಿತೆಂದು ಹೇಳಿ, ಎಲ್ಲರೆದುರು ಅವನ ಕಡೆ ತಿರುಗಿ, ಮುಂದಿನ ಅಧ್ಯಕ್ಷರು ನೀವೇ ಯಾಕಾಗಬಾರದು ಎಂದು ಕೇಳಿದ್ದಳು.

ನೀಲಾಂಬಿಕಾ: ಬೇಡ ಅನ್ನೋದೇ ಆಗಿದ್ರೆ ಇಂಗ್ಲಿಷಲ್ಲಿ ಮೆಲ್ಲಗೆ ಅನ್ನಬೇಕಿತ್ತು. ಅಷ್ಟು ಚೆನ್ನಾಗಿ ಸ್ಪ್ಯಾನಿಷಲ್ಲಿ ಯಾಕೆ ಅಂದ್ರಿ?

ಸಿದ್ದಲಿಂಗಪ್ಪ: ಹುದ್ದೆ ವಿಷಯ ಬಂದಾಗ ಎರಡು ಮಾತು ಸ್ಪ್ಯಾನಿಷಲ್ಲಿ ಆಡೋದು ಅಲ್ಲಿನ ಪದ್ಧತಿ. ಆದ್ಯಾ ಹತ್ರ ಹೇಳಿಸ್ಕೊಂಡು ವಾರವಿಡೀ ಮೆಟ್ರೋದಲ್ಲಿ ಬಾಯಿಪಾಠ ಮಾಡಿದ್ದೆ.

ಅವನು ಬಾಯಿಪಾಠ ಮಾಡಿದ್ದು ಎರಡು ವಾಕ್ಯ. ಮೊದಲನೆಯದು, 'ನೋ ಗ್ರಾಸಿಯಾಸ್, ನೋ ಸೋಯ್ ದಿಗ್ನೋ.' ಅಂದರೆ, ಬೇಡ, ಅಷ್ಟು ಯೋಗ್ಯತೆ ನನಗಿಲ್ಲ. ಇದಕ್ಕೆ ಎಲ್ಲರೂ ಛೆ ಛೆ ಹಾಗನ್ನಬೇಡಿ ಎಂದು ಒತ್ತಾಯ ಮಾಡಬೇಕು. ಆಗ ಎರಡನೆಯದು, 'ಬ್ವೇನೋ, ಸಿ ಇನ್ಸಿಸ್ತೆನ್.' ಅಂದರೆ, ಸರಿ, ನೀವೆಲ್ಲ ಇಷ್ಟು ಒತ್ತಾಯ ಮಾಡಿದರೆ ಆಗಲಿ. ಮೊದಲನೆಯದನ್ನು ಅವನು ಕೈಮುಗಿದು, ತಲೆ ತಗ್ಗಿಸಿ, ಒಂದು ಅಕ್ಷರ ತಪ್ಪದೆ ಹೇಳಿದ. ಮಾರಿಸೋಲ್ ಕಣ್ಣೊರೆಸಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಶೌಚಾಲಯದ ನಲ್ಲಿ ರಿಪೇರಿಯ ವಿಷಯಕ್ಕೆ ಹೋದರು. ಎರಡನೇ ವಾಕ್ಯ ಇನ್ನೂ ಅವನ ಬಾಯಲ್ಲೇ ಇತ್ತು.

ನೀಲಾಂಬಿಕಾ: ರೊಟ್ಟಿ ಹಾಕ್ಲಾ?

ಸಿದ್ದಲಿಂಗಪ್ಪ: ಬೇಡ.

ನೀಲಾಂಬಿಕಾ: ಸರಿ.

ಅವಳು ರೊಟ್ಟಿಯನ್ನು ತನ್ನ ತಟ್ಟೆಗೆ ಹಾಕಿಕೊಂಡು, ಹುಚ್ಚೆಳ್ಳು ಚಟ್ನಿ ಸವರಿ, ಅಲ್ಲೇ ನಿಂತು ತಿಂದಳು. ಸಿದ್ದಲಿಂಗಪ್ಪ ಸ್ವಲ್ಪ ಹೊತ್ತು ಕಾದ. 'ಒಂದೇ ಒಂದು ತಿನ್ನಿ, ಬಿಸಿ ಇದೆ' ಎಂಬ ಮಾತು ಇಷ್ಟು ಹೊತ್ತಿಗೆ ಬರಬೇಕಿತ್ತು.

ಸಿದ್ದಲಿಂಗಪ್ಪ: ನೀನೂ ಅವರ ಥರಾನೇ ಆಗ್ಬಿಟ್ಯಾ?

ನೀಲಾಂಬಿಕಾ: ಇವತ್ತಿಂದ ಈ ಮನೇಲಿ ಬೇಡ ಅಂದ್ರೆ ಬೇಡ. ನಿಮಗೆ ಅಭ್ಯಾಸ ಆಗ್ಲಿ ಅಂತ.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಮೆಲ್ಬರ್ನ್‌ನ ಟಾರ್ನೀಟ್‌ನಿಂದ ವಿರುಪಾಕ್ಷ. ಶಾಲೆಗೆ ಮೆಲ್ಬರ್ನ್‌ನಲ್ಲೊಂದು ಶಾಖೆಯಿದೆ, ಅಲ್ಲಿಯ ಪ್ರತಿನಿಧಿಯಾಗಿ ಅವನು ಸಭೆಗೆ ವಿಡಿಯೋದಲ್ಲಿ ಬರುತ್ತಾನೆ. ಗದಗಿನ ಕಡೆಯವನು, ಸಿದ್ದಲಿಂಗಪ್ಪನ ಜೊತೆ ಇದೇ ದೇಶದಲ್ಲಿ ಓದಿದವನು. ಬೋರ್ಡಿನಲ್ಲಿ ಸ್ಪ್ಯಾನಿಷ್ ಬಾರದ ಇನ್ನೊಬ್ಬ ಅವನೇ. ಒತ್ತಾಯ ಮಾಡುವ ಕೆಲಸವನ್ನು ಸಿದ್ದಲಿಂಗಪ್ಪ ಮೊದಲೇ ಅವನಿಗೆ ಒಪ್ಪಿಸಿದ್ದ. ಆದ್ದರಿಂದ ಈಗ ಅವನ ಮೇಲೆ ಕೆಂಡದಂಥ ಕೋಪವಿತ್ತು. ಫೋನನ್ನು ಸ್ಪೀಕರಿಗೆ ಹಾಕಿ ಉಪ್ಪಿನಕಾಯಿ ಬಾಟಲಿಗೆ ಒರಗಿಸಿದ.

ವಿರುಪಾಕ್ಷ: ಏನ್ರಿ ಅಧ್ಯಕ್ಷರ, ಆರಾಮ? ಪೇಢೆ ಯಾವಾಗ ಕಳಸ್ತೀರಿ?

ಸಿದ್ದಲಿಂಗಪ್ಪ: ಯಾವ ಅಧ್ಯಕ್ಷ?

ವಿರುಪಾಕ್ಷ: ನೀನಪಾ. ಮೊನ್ನಿ ಏನ್ ಭಾಷಣ ಮಾಡಿದಿ ಸ್ಪ್ಯಾನಿಷ್‌ನ್ಯಾಗ. ಮೈ ಜುಮ್ ಅಂತು. ಮೊದಲ ಚಪ್ಪಾಳಿ ಹೊಡದಾಂವ ನಾನ. ನನ್ನ ನೋಡಿ ಉಳಿದವರು ಹೊಡದ್ರು.

ಸಿದ್ದಲಿಂಗಪ್ಪ: ಅದು ಬೇಡ ಅಂತ ಹೇಳಿದ್ದು ಕಣೋ.

ಟಾರ್ನೀಟ್‌ನಲ್ಲಿ ಯಾವುದೋ ನಾಯಿ ಬೊಗಳಿತು.

ಸಿದ್ದಲಿಂಗಪ್ಪ: ನಾವು ಮಾತಾಡ್ಕೊಂಡಿದ್ದೇನು? ನಾನು ಬೇಡ ಅನ್ನೋದು, ನೀನು 'ಹಾಗನ್ನಬೇಡಿ, ನೀವೇ ಆಗಬೇಕು' ಅನ್ನೋದು.

ವಿರುಪಾಕ್ಷ: ಹೌದಪಾ. ನೀ ಯಾವಾಗ ಬ್ಯಾಡ ಅಂತಿ ಅಂತ ಕಾಯಕೋತ ಕುಂತಿದ್ದೆ. ನೀ ಅನ್ನಲೇ ಇಲ್ಲ. ಸ್ಪ್ಯಾನಿಷ್‌ನ್ಯಾಗ ಏನೋ ಅಂದಿ, ಕೈ ಮುಗದಿ. ಒಪ್ಪಿಗೊಂಡಿ ಅನಕೊಂಡೆ.

ನೀಲಾಂಬಿಕಾ: ಶುರುವಾಗಿದ್ದೇ 'ನೋ' ಅಂತ ಅಲ್ವಾ ವಿರುಪಾಕ್ಷ ಅವರೇ?

ವಿರುಪಾಕ್ಷ: ಅಕ್ಕಾರ, ಅಷ್ಟು ಸಣ್ಣ ಮಾತಿಗೆ ಯಾರ್ ಲಕ್ಷ್ಯ ಕೊಡ್ತಾರ್ರಿ? ಮಾರಿಯೊಳಗ ನಗು ಇತ್ತಲ್ಲ, ನಾ ಅದನ್ನ ನೋಡಿದೆ.

ಸಿದ್ದಲಿಂಗಪ್ಪ: ಆಮೇಲಾದ್ರೂ ಗೊತ್ತಾಗ್ಲಿಲ್ವಾ?

ವಿರುಪಾಕ್ಷ: ಆಮ್ಯಾಲೆ ನಲ್ಲಿ ವಿಷಯ ಬಂತು. ಅದು ಸಿಡ್ನಿ ನಲ್ಲಿ, ಅದಕ್ಕ ನಾ ಫೋನ್ ಇಟ್ಟು ಮಗನ್ನ ಈಜಿಗೆ ಕರಕೊಂಡು ಹೋದೆ. ಇಲ್ಲೆ ಮೆಲ್ಬರ್ನ್ ಗ್ರೂಪಿನ್ಯಾಗ ಸುದ್ದಿ ಹಾಕೇನಿ. ಎಲ್ಲಾರೂ ಹೂವಿನ ಚಿತ್ರ ಕಳಸ್ಯಾರ. ಈಗ ಏನ್ ಮಾಡೂಣ?

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದು ಹಳೆಯ ಮಾತು. ಆದರೆ ಆ ತುತ್ತಿಗೆ ಸ್ನೇಹಿತನೇ ಎದ್ದು ನಿಂತು ಚಪ್ಪಾಳೆ ತಟ್ಟಿ ಕಳಿಸಿಕೊಟ್ಟದ್ದು ಸಿದ್ದಲಿಂಗಪ್ಪನಿಗೆ ಹೊಸದಾಗಿತ್ತು. ಅವನಿಗೆ ಇನ್ನೊಂದು ಸಂಗತಿಯೂ ನೆನಪಾಯಿತು. ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವನು ಬೋರ್ಡಿನ ಇನ್ನೊಬ್ಬ ಸದಸ್ಯ ಡೆಸ್ಮಂಡ್. ಸಿಡ್ನಿಯಲ್ಲೇ ಹುಟ್ಟಿ ಬೆಳೆದ ಈ ಡೆಸ್ಮಂಡ್ ಪ್ರಾಯದಲ್ಲಿ ಆರು ತಿಂಗಳು ಮ್ಯಾಡ್ರಿಡ್‌ನಲ್ಲಿದ್ದು ಸ್ಪ್ಯಾನಿಷ್ ಕಲಿತು ಬಂದಿದ್ದ. ಅಂದಿನಿಂದ ಆ ಭಾಷೆಯನ್ನು ತಾಯಿಯ ಮಡಿಲಲ್ಲಿ ಕಲಿತ ಮಾರಿಸೋಲಳನ್ನೂ ತಿದ್ದುತ್ತಿದ್ದ. ನಲ್ಲಿಯ ವಿಷಯ ಮುಗಿಯುತ್ತಿದ್ದಂತೆ, ಯಾರೂ ಇಲ್ಲದಿದ್ದರೆ ನಾನು ಸಿದ್ಧ ಎಂದು ಅವನೇ ಹೇಳಿದ್ದ. ಯಾರೂ ಅವನನ್ನು ಕೇಳಿರಲಿಲ್ಲ. ತೀರ್ಮಾನ ಸೋಮವಾರಕ್ಕೆ ಹೋಗಿತ್ತು.

ನೀಲಾಂಬಿಕಾ: ಡೆಸ್ಮಂಡ್ ಆದ್ರೆ ಏನ್ ಮಾಡ್ತಾರಂತೆ?

ಸಿದ್ದಲಿಂಗಪ್ಪ: ಗೇಟಿನ ರೂಲನ್ನ ಫುಟ್‌ಪಾತಿಗೂ ಹಾಕ್ತಾನಂತೆ. ಬಸ್ ಸ್ಟಾಪಿನ ತನಕ.

ನೀಲಾಂಬಿಕಾ: ಹಾಗಾದ್ರೆ ಈ ಸಲ ಅತ್ತೆ ಬಂದಾಗ ಬಸ್ ಸ್ಟಾಪಲ್ಲಿ ನಿಂತ್ಕೋಬೇಕು.

ಮಾತು ಇಷ್ಟು ಹೊತ್ತು ಸುತ್ತುತ್ತಿದ್ದುದು ಇದರ ಸುತ್ತಲೇ. ಹೋದ ವರ್ಷ ಸಿದ್ದಲಿಂಗಪ್ಪನ ತಾಯಿ ಪುಟ್ಟಮ್ಮ ತಿಪಟೂರಿನಿಂದ ಬಂದಿದ್ದರು. ಬಂದ ಮೊದಲ ವಾರ ಮೊಮ್ಮಗಳನ್ನು ಕರೆತರಲು ಕೊಬ್ಬರಿ ಮಿಠಾಯಿಯ ಡಬ್ಬಿ ಹಿಡಿದು ಶಾಲೆಗೆ ಹೋದರು. ಗೇಟಿನ ಒಳಗೆ ಕಾಲಿಟ್ಟು, ಆದ್ಯಾ ಮಗಾ, ಎಂದು ಕರೆದರು. ಮಗು ಓಡಿಬಂದು, ತುಟಿಯ ಮೇಲೆ ಬೆರಳಿಟ್ಟು, ಅವರನ್ನು ಮೆಲ್ಲಗೆ ಹೊರಕ್ಕೆ ತಳ್ಳಿತು. ಗೇಟು ದಾಟಿದ ಮೇಲೆ ತಬ್ಬಿಕೊಂಡಿತು, ಮಿಠಾಯಿ ತಿಂದಿತು, ಎಲ್ಲವೂ ಸರಿಹೋಯಿತು. ಆದರೆ ಪುಟ್ಟಮ್ಮ ಅಂದಿನಿಂದ ಒಳಗೆ ಹೋಗದೆ ಬಿಸಿಲಲ್ಲಿ ಫುಟ್‌ಪಾತಿನ ಮೇಲೆ ನಿಲ್ಲುತ್ತಿದ್ದರು. ಒಂದು ಸಂಜೆ ಮಗನನ್ನು ಕೇಳಿದರು, 'ಮಗಾ ನನ್ ಜೊತೆ ಠೂ ಬಿಟ್ಟೈತೇನ್ಲಾ?'

ಆ ಪ್ರಶ್ನೆ ಸಿದ್ದಲಿಂಗಪ್ಪನ ಎದೆಗೆ ನಾಟಿ ಹಾಗೇ ಉಳಿದಿತ್ತು. ಗೇಟಿನ ಒಳಗೆ ಮರದ ನೆರಳಲ್ಲಿ ಒಂದು ಬೆಂಚು. ಅದರ ಮೇಲೆ ಕೂತ ಅಜ್ಜಿ ತಾತಂದಿರು ಯಾವ ಭಾಷೆಯನ್ನಾದರೂ ಆಡಬಹುದು, ಮಗು ಅದೇ ಭಾಷೆಯಲ್ಲಿ ಉತ್ತರಿಸಬಹುದು. ಅಧ್ಯಕ್ಷನಾಗಿ ಅವನು ಮಾಡಬೇಕೆಂದಿದ್ದು ಇದೊಂದೇ. ಪುಟ್ಟಮ್ಮ ಮುಂದಿನ ತಿಂಗಳು ಮತ್ತೆ ಬರುವವರಿದ್ದರು.

ನೀಲಾಂಬಿಕಾ: ಒಂದ್ ಮಾತು ಕೇಳ್ತೀನಿ. ಎರಡು ವರ್ಷದಿಂದ ಬೋರ್ಡಲ್ಲಿದ್ದೀರ. ಈ ಬೆಂಚಿನ ವಿಷಯ ಒಂದು ಸಲನಾದ್ರೂ ಎತ್ತಿದ್ರಾ?

ಸಿದ್ದಲಿಂಗಪ್ಪ: ಯಾರೂ ಕೇಳ್ಲಿಲ್ಲ.

ನೀಲಾಂಬಿಕಾ: ನಿಮ್ಮಮ್ಮ ಕೇಳಿದ್ರು.

ಅವನಿಗೆ ನೋವಾಯಿತು, ಅದು ನಿಜವಾದ್ದರಿಂದ ಇನ್ನಷ್ಟು ನೋವಾಯಿತು.

ನೀಲಾಂಬಿಕಾ: ಅತ್ತ ಮಗುವಿಗೇ ತಾಯಿ ಹಾಲು ಕೊಡೋದು. ನೀವು ತೊಟ್ಟಿಲಲ್ಲಿ ಮಲಗಿ ಉಪಚಾರ ಮಾಡ್ತೀರ.

ವಿರುಪಾಕ್ಷ: ತಡೀರಿ ಅಕ್ಕಾರ. ತಪ್ಪು ನಂದೂ ಐತಿ. ನಾ ಈಗ ಮಾರಿಸೋಲ್‌ಗ ಫೋನ್ ಹಚ್ಚಿ, ನಮ್ಮ ಸಿದ್ದಲಿಂಗಪ್ಪನ್ನ ಇನ್ನೊಮ್ಮೆ ಕೇಳ್ರಿ ಅಂತೀನಿ.

ಸಿದ್ದಲಿಂಗಪ್ಪ: ಬೇಡ ಬೇಡ. ನಾವಾಗೇ ಹೋಗಿ ಕೇಳ್ಕೊಂಡ್ರೆ ಮರ್ಯಾದೆ ಏನುಳೀತು?

ವಿರುಪಾಕ್ಷ: ಇದು ಯಾವ ಬ್ಯಾಡಪಾ? ಖರೇ ಬ್ಯಾಡೋ, ಉಪಚಾರದ ಬ್ಯಾಡೋ?

ಸಿದ್ದಲಿಂಗಪ್ಪ: ಅದನ್ನೂ ಬಾಯಿಬಿಟ್ಟು ಹೇಳ್ಬೇಕಾ?

ವಿರುಪಾಕ್ಷ: ಹೇಳಬೇಕು. ಒಮ್ಮೆ ತಪ್ಪೇನಿ.

ಆಗ ನೀಲಾಂಬಿಕಾಳ ಫೋನು ಅಲುಗಿತು. ಅವಳು ಹಿಟ್ಟಿನ ಕೈ ತೊಳೆದುಕೊಂಡು ನೋಡಿದಳು. ಮಾರಿಸೋಲ್.

ಸಿದ್ದಲಿಂಗಪ್ಪ ಎದ್ದು ನಿಂತ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಎರಡನೇ ಸಲ ಕೇಳುವುದನ್ನು ನೇರವಾಗಿ ಕೇಳದೆ, ಮನೆಯವರ ಮೂಲಕ ಕೇಳಿಸುವುದು ದೊಡ್ಡ ಮನುಷ್ಯರ ರೀತಿ. ಚಿಲಿ ದೇಶದಲ್ಲೂ ಅಂಥವರಿದ್ದಾರಲ್ಲ ಎಂದು ಅವನಿಗೆ ಸಂತೋಷವಾಯಿತು. ಎರಡನೇ ವಾಕ್ಯವನ್ನು ತುಟಿಯಲ್ಲೇ ಒಮ್ಮೆ ಹೇಳಿ ನೋಡಿಕೊಂಡ. ಸರಿಯಾಗಿಯೇ ಇತ್ತು. ಸ್ಪೀಕರಿಗೆ ಹಾಕು ಎಂದು ಹೆಂಡತಿಗೆ ಸನ್ನೆ ಮಾಡಿದ. ಉಪ್ಪಿನಕಾಯಿ ಬಾಟಲಿಯ ಬಳಿ ವಿರುಪಾಕ್ಷ ಉಸಿರು ಬಿಗಿಹಿಡಿದದ್ದು ಕೇಳಿಸಿತು.

ಮಾರಿಸೋಲ್ ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡಿದಳು. ನಿಮ್ಮ ಯಜಮಾನರ ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ, ಎಂದಳು. ಸಿದ್ದಲಿಂಗಪ್ಪ ತಲೆ ತಗ್ಗಿಸಿದ. ನನ್ನ ಇಷ್ಟು ವರ್ಷದಲ್ಲಿ ಅಂಥ ವಿನಯ ನೋಡಿಲ್ಲ, ಎಂದಳು. ಅವನು ಇನ್ನೂ ತಗ್ಗಿಸಿದ. ಆದ್ದರಿಂದ ಸಿಡ್ನಿಯ ಬೋರ್ಡಿನವರು ನಮ್ಮನಮ್ಮಲ್ಲೇ ಮಾತಾಡಿಕೊಂಡು ಒಂದು ನಿರ್ಧಾರಕ್ಕೆ ಬಂದಿದ್ದೇವೆ, ಇನ್ನು ಮುಂದೆ ಅವರನ್ನು ಯಾವ ಹುದ್ದೆಗೂ ಕೇಳಿ ಮುಜುಗರಪಡಿಸುವುದಿಲ್ಲ, ಈ ಸಲಹೆ ಡೆಸ್ಮಂಡ್ ಅವರದ್ದು, ಎಂದಳು.

ತಗ್ಗಿದ ತಲೆ ಹಾಗೇ ಇತ್ತು. ಈಗ ಅದನ್ನು ಎತ್ತುವುದಕ್ಕೆ ಕಾರಣ ಉಳಿದಿರಲಿಲ್ಲ.

ಮಾರಿಸೋಲ್ ಮುಂದುವರಿಸಿದಳು. ಅಧ್ಯಕ್ಷರು ಬೋರ್ಡಿನ ಒಳಗಿನವರೇ ಆಗಬೇಕೆಂದಿಲ್ಲ, ಪೋಷಕರಲ್ಲಿ ಯಾರಾದರೂ ಆಗಬಹುದು. ಶುಕ್ರವಾರ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವವರು ನೀವು. ಮಗಳ ಹೋಂವರ್ಕ್ ಜೊತೆ ಕೂತು ಕೂತೇ ನೀವು ಸ್ಪ್ಯಾನಿಷ್ ಕಲಿತದ್ದು ನಮಗೆಲ್ಲ ಗೊತ್ತು. ಡೆಸ್ಮಂಡ್ ಒಬ್ಬರನ್ನು ಬಿಟ್ಟು ಇಲ್ಲಿಯ ಉಳಿದವರಿಗೆಲ್ಲ ಒಪ್ಪಿಗೆ. ನೀವು ಅಧ್ಯಕ್ಷರಾಗುತ್ತೀರಾ?

ಸಿದ್ದಲಿಂಗಪ್ಪ ತಟಕ್ಕನೆ ತಲೆ ಎತ್ತಿದ. ಎರಡೂ ಕೈ ಆಡಿಸಿ, ಬೇಡ ಅನ್ನು, ಒಂದೇ ಒಂದು ಸಲ ಬೇಡ ಅನ್ನು, ಎಂದು ಸನ್ನೆ ಮಾಡಿದ. ಹೆಂಡತಿಯ ಮೇಲಿನ ಹೊಟ್ಟೆಕಿಚ್ಚು ಅದರಲ್ಲಿ ಇರಲಿಲ್ಲ ಎನ್ನಲಾಗದು, ಆದರೆ ಹೆಚ್ಚಿನದು ಮನೆತನದ ಮರ್ಯಾದೆಯ ಚಿಂತೆ.

ನೀಲಾಂಬಿಕಾ: ಸಿ.

ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಹೂಂ ಎಂದರ್ಥ. ಅಷ್ಟು ಸಣ್ಣ ಮಾತನ್ನು ಬಾಯಿಪಾಠ ಮಾಡುವ ಅಗತ್ಯವಿರಲಿಲ್ಲ. ಅಷ್ಟಕ್ಕೇ ನಿಲ್ಲದೆ ಅವಳು ಬೆಂಚಿನ ವಿಷಯವನ್ನೂ ಹೇಳಿದಳು. ಗೇಟಿನ ಒಳಗೆ, ಮರದ ನೆರಳಲ್ಲಿ, ಅಜ್ಜಿ ತಾತಂದಿರಿಗೆ, ಯಾವ ಭಾಷೆಯಾದರೂ ಸರಿ. ಆ ಕಡೆ ಮಾರಿಸೋಲ್, ಗ್ರೀಸ್‌ನಿಂದ ಬಂದ ನನ್ನ ಅತ್ತೆಯೂ ಗೇಟಿನ ಹೊರಗೇ ನಿಂತು ನಿಂತು ಬರುವುದನ್ನೇ ಬಿಟ್ಟರು, ಎಂದಳು. ಇದನ್ನು ಯಾರಾದರೂ ಬೋರ್ಡಿನಲ್ಲಿ ಮೊದಲೇ ಎತ್ತಬಹುದಿತ್ತಲ್ಲ, ಎಂದೂ ಹೇಳಿದಳು.

ನೀಲಾಂಬಿಕಾ ಗಂಡನ ಮುಖ ನೋಡಲಿಲ್ಲ. ಅಷ್ಟು ಉಪಚಾರ ಅವಳಲ್ಲೂ ಇತ್ತು.

ವಿರುಪಾಕ್ಷ: ಅಕ್ಕಾರ, ಅಭಿನಂದನಾ. ಗ್ರೂಪಿನ್ಯಾಗ ಹೆಸರಷ್ಟ ಬದಲ ಮಾಡ್ತೀನಿ. ಮನಿ ಅದ ಐತಿ, ಹೂವು ವಾಪಸ್ ಕೊಡೂದು ಬ್ಯಾಡ.

ಸಿದ್ದಲಿಂಗಪ್ಪ ಫೋನನ್ನು ಬಾಟಲಿಯಿಂದ ಬಿಡಿಸಿ ಆರಿಸಿದ. ಅಂಗಿಯ ಗುಂಡಿ ಬಿಚ್ಚಿದ. ಕೂತ.

ಸಿದ್ದಲಿಂಗಪ್ಪ: ಒಂದು ಸಲನಾದ್ರೂ ಬೇಡ ಅನ್ಬಾರದಿತ್ತಾ? ಅವರೇನು ಅಂದ್ಕೋತಾರೆ?

ನೀಲಾಂಬಿಕಾ: ಅಂದಿದ್ರೆ ಅವರು ಸರಿ ಅಂತಿದ್ರು. ಅಷ್ಟೊತ್ತಿಗೆ ಡೆಸ್ಮಂಡ್ ಬಸ್ ಸ್ಟಾಪಿಗೆ ಹೋಗಿರ್ತಿದ್ರು.

ಅವಳು ಉಳಿದ ಹಿಟ್ಟನ್ನು ಕಾವಲಿಯ ಮೇಲೆ ತಟ್ಟಿದಳು. ಸಬ್ಬಸಿಗೆ ಸೊಪ್ಪಿನ ಘಮ ಎದ್ದಿತು. ರೊಟ್ಟಿಯ ಅಂಚು ಕೆಂಪಾಗಿ, ಎಣ್ಣೆ ಚುರುಗುಟ್ಟಿತು. ಹೊಟ್ಟೆಗೆ ಅಧ್ಯಕ್ಷಗಿರಿಯ ಗೊಡವೆ ಇರಲಿಲ್ಲ, ಅದು ಬೆಳಿಗ್ಗೆಯಿಂದ ಖಾಲಿ ಇತ್ತು.

ನೀಲಾಂಬಿಕಾ: ಕೊನೇ ರೊಟ್ಟಿ. ಹಾಕ್ಲಾ?

ಬೇಡ ಎಂಬ ಮಾತು ಹಳೆಯ ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ತಡೆದ. ಹಾಗೆಂದು ಒಮ್ಮೆಲೇ ಹೂಂ ಎನ್ನುವಷ್ಟು ಕೆಳಗಿಳಿಯಲೂ ಮನಸ್ಸು ಬರಲಿಲ್ಲ. ಆಗ ಬಾಯಲ್ಲೇ ಉಳಿದಿದ್ದ ಎರಡನೇ ವಾಕ್ಯ ನೆನಪಾಯಿತು. ವಾರವಿಡೀ ಕಲಿತದ್ದು, ವ್ಯರ್ಥವಾಗುವುದು ಬೇಡ.

ಸಿದ್ದಲಿಂಗಪ್ಪ: ಬ್ವೇನೋ, ಸಿ ಇನ್ಸಿಸ್ತೆನ್.

ನೀಲಾಂಬಿಕಾ: ಒತ್ತಾಯ ಯಾರೂ ಮಾಡ್ತಿಲ್ಲ. ಬೇಕಾ, ಬೇಡ್ವಾ?

ಸಟ್ಟುಗದ ಮೇಲಿನ ರೊಟ್ಟಿ ಅವನ ತಟ್ಟೆಗೂ ಅವಳ ತಟ್ಟೆಗೂ ನಡುವೆ ನಿಂತಿತ್ತು.

ಸಿದ್ದಲಿಂಗಪ್ಪ: ಬೇಕು.

ನೀಲಾಂಬಿಕಾ: ಬೆಂಚು?

ಸಿದ್ದಲಿಂಗಪ್ಪ: ಅದೂ ಬೇಕು. ಅಮ್ಮ ಬರೋದ್ರೊಳಗೆ ಬೇಕು.

ನೀಲಾಂಬಿಕಾ: ಸೋಮವಾರ ಬೋರ್ಡಲ್ಲಿ ಇಷ್ಟೇ ಹೇಳಿ. ಯಾರೂ ಕೇಳದೇ ಇದ್ರೂ ಹೇಳಿ.

ರೊಟ್ಟಿ ಅವನ ತಟ್ಟೆಗೆ ಬಿತ್ತು. ಒಂದು ಚೂರು ಮುರಿದು ಬಾಯಿಗಿಟ್ಟು, ಬಿಸಿಗೆ ಸ್ವಲ್ಪ ಹೊತ್ತು ಬಾಯಿ ತೆರೆದೇ ಕೂತ. ಆಮೇಲೆ ಗಂಟಲು ಸರಿಮಾಡಿಕೊಂಡ.

ಸಿದ್ದಲಿಂಗಪ್ಪ: ಚಟ್ನೀನೂ ಬೇಕು.

ಅದನ್ನು ಯಾರೂ ಕೇಳಿರಲಿಲ್ಲ.